ನಡಕೊಂಡ ಬಂದವರಿಗಷ್ಟ ನೌಕರಿ

ಇಂಟರ್‌ವ್ಯೂ ಅಂತ ಒಂದು ಇಟ್ಟರೆ ಸಾಕು, ನಮ್ಮ ಕಡೆ ಏನಾದರೊಂದು ಆಗದೆ ಬಿಡುವುದಿಲ್ಲ. ಮೊನ್ನೆ ನಮ್ಮ ಕಂಪನಿಗೆ ಬಂದಿದ್ದ ಹುಡುಗನೊಬ್ಬನಿಗೆ ಸಾಹೇಬರು, "ನಿನ್ನ ಬಗ್ಗೆ ನಾಲ್ಕು ಮಾತು ಹೇಳಪಾ" ಅಂದರು. ಹುಡುಗ ನಾಚಿಕೊಂಡು, "ನಮ್ಮ ಬಗ್ಗೆ ನಾವ ಹೆಂಗ ಹೇಳಿಕೊಳ್ಳೂದ್ರಿ ಸರ್? ನಮ್ಮ ಮಾಮಾ ಹೊರಗ ಕುಂತಾರ, ಕರೀಲೇನ್ರಿ?" ಅಂದ. ಸಾಹೇಬರು ಬೇಡ ಅನ್ನುವಷ್ಟರಲ್ಲಿ ಮಾಮಾ ಒಳಗೆ ಬಂದು ಕುರ್ಚಿ ಎಳೆದುಕೊಂಡಾಗಿತ್ತು.

ಎಲ್ಲರೂ ನಕ್ಕರು. ನಾನು ಮಾತ್ರ ಲೆಕ್ಕದ ಪುಸ್ತಕದಲ್ಲಿ ಮುಖ ಹುದುಗಿಸಿ ಕೂತೆ. ಯಾಕೆಂದರೆ ನಾನು ಈ ಕಂಪನಿಗೆ ಸೇರಿದ ಬಗೆ ಇದಕ್ಕಿಂತ ಏನೂ ಸುಧಾರಿಸಿದ್ದಲ್ಲ.

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ರಸ್ತೆಯ ಬದಿಗೆ, ಬೆಲ್ಲವನ್ನು ಪುಡಿ ಮಾಡಿ ಚೀಲಕ್ಕೆ ತುಂಬಿ ಹೊರದೇಶಕ್ಕೆ ಕಳಿಸುವ ಕಂಪನಿ ನಮ್ಮದು. ದೊಡ್ಡ ಆಫೀಸು ಪುಣೆಯಲ್ಲಿ. ಬೆಲ್ಲ ನಮ್ಮದು, ಮಂದಿ ನಮ್ಮವರು, ನಿಯಮಗಳು ಮಾತ್ರ ಪುಣೆಯಿಂದ ಬರುತ್ತವೆ. ಲೆಕ್ಕಪತ್ರ ವಿಭಾಗಕ್ಕೆ ಜನ ಬೇಕು ಅಂತ ಪೇಪರಿನಲ್ಲಿ ಬಂದಾಗ ನಾನು ಬನಹಟ್ಟಿಯ ನಮ್ಮ ಮನೆಯಲ್ಲಿ ಖಾಲಿ ಕೂತಿದ್ದೆ. ಅದಕ್ಕೂ ಮೊದಲು ಎರಡು ವರ್ಷ ಜಮಖಂಡಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ಕೆಲಸ ಮಾಡಿದ್ದೆ. ಅವರು ಅಂಗಡಿ ಎತ್ತಿ ಬೆಳಗಾವಿಗೆ ಹೋದರು, ನಾನು ಮನೆಗೆ ಬಂದೆ. ಅಂದಿನಿಂದ ಓಣಿಯಲ್ಲಿ ಕಂಡವರೆಲ್ಲ, "ಏನ ಮಾಡಾಕತ್ತೀ ತಂಗಿ ಈಗ?" ಅಂತ ಕೇಳುವುದು. "ಏನಿಲ್ರಿ" ಅಂತ ಹೇಳಿ ಹೇಳಿ ನನಗೆ ಹೊಸ್ತಿಲು ದಾಟುವುದೇ ಬೇಡವಾಗಿತ್ತು. ಈ ನೌಕರಿ ನನಗೆ ಬೇಕೇ ಬೇಕಿತ್ತು.

ಗೇಟಿನ ಬಳಿ

ಅದು ವಾಕ್-ಇನ್ ಇಂಟರ್‌ವ್ಯೂ. ಅಂದರೆ ಮೊದಲೇ ಅರ್ಜಿ ಹಾಕುವುದು ಬೇಡ, ಆ ದಿನ ಕಾಗದಪತ್ರ ಹಿಡಿದು ನೇರ ಬಂದರೆ ಆಯಿತು. ಇದು ಬಂದವರಿಗೆಲ್ಲ ಗೊತ್ತಿತ್ತು. ಗೇಟಿನ ವಾಚ್‌ಮನ್‌ಗೆ ಗೊತ್ತಿರಲಿಲ್ಲ. ಅವನಿಗೆ ಒಳಗಿನಿಂದ ಫೋನು ಬಂದಿತ್ತು: "ಇವತ್ತ ವಾಕ್-ಇನ್ ಐತಿ. ವಾಕ್-ಇನ್ ಮಂದೀನ್ನ ಅಷ್ಟ ಬಿಡು." ಅಲ್ಲೇ ನಿಂತಿದ್ದ ಲಾರಿ ಡ್ರೈವರನನ್ನು ಅವನು ವಾಕ್-ಇನ್ ಅಂದ್ರ ಏನು ಅಂತ ಕೇಳಿದ. ಡ್ರೈವರ್ ತಿಳಿದವನು. "ವಾಕ್ ಅಂದ್ರ ನಡಿಯೂದು, ಇನ್ ಅಂದ್ರ ಒಳಗ" ಅಂತ ಬಿಡಿಸಿ ಹೇಳಿದ.

ನಾನು ಮತ್ತು ಅಪ್ಪ ಬಸ್ಸಿಳಿದು ನಡೆದೇ ಬಂದಿದ್ದರಿಂದ ವಾಚ್‌ಮನ್ ನಮಗೆ ನಮಸ್ಕಾರ ಹಾಕಿ ಗೇಟು ತೆಗೆದ. ನಮ್ಮ ಹಿಂದೆಯೇ ಬೀಳಗಿಯ ಹುಡುಗನೊಬ್ಬ ಮೋಟಾರ್ ಸೈಕಲ್ ಮೇಲೆ ಬಂದ. ಅವನ ಮುಂದೆ ಗೇಟು ದಡ್ಡನೆ ಬಿತ್ತು.

"ಗಾಡಿ ಮ್ಯಾಲೆ ಬಂದಾರಿಗೆ ಇಲ್ಲ."

"ಯಾಕ್ರಿ? ಇಂಟರ್‌ವ್ಯೂಕ್ಕ ಬಂದೇನ್ರಿ ನಾ."

"ಅದಕ್ಕ ಹೇಳಾಕತ್ತೇನಿ. ವಾಕ್-ಇನ್ ಐತಿ. ನಡಕೊಂಡ ಬಂದಾರಿಗಷ್ಟ."

"ಬೀಳಗಿಯಿಂದ ನಡಕೊಂಡ ಬರಾಕ ಆಗತೈತೇನ್ರಿ?"

ವಾಚ್‌ಮನ್‌ಗೂ ಪಾಪ ಅನ್ನಿಸಿತು. "ಖರೆ ಐತಿ ತಮ್ಮಾ, ಭಾಳ ದೂರ ಆಗತೈತಿ. ಆದ್ರ ರೂಲು ಮ್ಯಾಲಿಂದ ಬಂದೈತಿ, ನಾ ಏನ ಮಾಡ್ಲಿ?" ಅಂದ. ಬೀಳಗಿಯವನು ವಾದ ಬೆಳೆಸಲಿಲ್ಲ. ಗಾಡಿ ತಿರುಗಿಸಿ, ಚಹಾದಂಗಡಿಯ ಹಿಂದೆ ನಿಲ್ಲಿಸಿ, ಅಂಗಿ ಝಾಡಿಸಿಕೊಂಡು ನಡೆದು ಬಂದ. ಅದೇ ವಾಚ್‌ಮನ್ ಅದೇ ಹುಡುಗನಿಗೆ, "ಹಾಂ, ಈಗ ಬರ್ರಿ" ಅಂತ ಪೂರ್ತಿ ಗೇಟು ತೆಗೆದ.

ಸ್ವಲ್ಪ ಹೊತ್ತಿಗೆ ಟೀ ಶರ್ಟು ತೊಟ್ಟ ಸಣಕಲು ಮೈಯ ಇನ್ನೊಬ್ಬ ಕಾರಿನಲ್ಲಿ ಬಂದ. ಅವನಿಗೂ ಅದೇ ಪಾಠ. ಅವನು ಏನೋ ಹೇಳಲು ಹೋದ, ವಾಚ್‌ಮನ್ ಕೇಳಲಿಲ್ಲ. ಕೊನೆಗೆ ಅವನೂ ಕಾರು ದೂರ ಬಿಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು, ಬಿಸಿಲಲ್ಲಿ ಬೆವರುತ್ತ ನಡೆದು ಬರತೊಡಗಿದ. ವಾಚ್‌ಮನ್ ಗೇಟಿನೊಳಗೆ ನಿಂತು ನೋಡುತ್ತಿದ್ದ ನಮ್ಮತ್ತ ತಿರುಗಿ ಹೆಮ್ಮೆಯಿಂದ ಹೇಳಿದ: "ಕಾರ್ ಇರ್ಲಿ, ವಿಮಾನ ಇರ್ಲಿ. ನನ್ನ ಗೇಟಿನ್ಯಾಗ ಎಲ್ಲಾರೂ ಕಾಲಾಗ ಬರಬೇಕ."

ಹದಿನೇಳರ ಮಗ್ಗಿ

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅಪ್ಪ ರಬಕವಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರರಾಗಿ ನಿವೃತ್ತರಾದವರು. ಶುಭ್ರ ಧೋತರ, ಬಿಳಿ ಟೊಪ್ಪಿಗೆ, ಜೇಬಿನಲ್ಲಿ ಕೆಂಪು ಪೆನ್ನು. "ನಾನೊಬ್ಬಳ ಹೋಗ್ತೇನಿ" ಅಂದರೂ ಕೇಳದೆ ಜೊತೆಗೆ ಬಂದಿದ್ದರು.

ಅಪ್ಪ ಒಳಗೆ ಕಾಲಿಟ್ಟಿದ್ದೇ ತಡ, ಕೋಣೆಯಲ್ಲಿದ್ದ ಹುಡುಗರು, ಹುಡುಗಿಯರು ಎಲ್ಲರೂ ಎದ್ದು ನಿಂತರು. ಅಪ್ಪ ಹಳೆಯ ರೂಢಿಯಂತೆ ಕೈ ತೋರಿಸಿ, "ಕುಂದರ್ರಿ, ಕುಂದರ್ರಿ" ಅಂದರು. ಅಲ್ಲಿಗೆ ಮುಗಿಯಿತು. ಇಂಟರ್‌ವ್ಯೂ ಮಾಡುವ ಸಾಹೇಬರು ಇವರೇ ಅಂತ ಎಲ್ಲರೂ ನಂಬಿದರು. ಬೀಳಗಿಯವನು ಓಡಿ ಬಂದು ತನ್ನ ಫೈಲು ಅಪ್ಪನ ಕೈಗೆ ಕೊಟ್ಟ. ಅಪ್ಪ ಕನ್ನಡಕ ಏರಿಸಿ ಒಂದೊಂದೇ ಹಾಳೆ ತಿರುವಿದರು.

"ಇಂಗ್ಲೀಷಿನ್ಯಾಗ ಯಾಕ ಇಷ್ಟ ಕಡಿಮಿ?"

"ಅವತ್ತ ಜ್ವರಾ ಬಂದಿತ್ರಿ ಸರ್."

"ಮೂರೂ ವರ್ಷ ಇಂಗ್ಲೀಷ್ ಪರೀಕ್ಷಾದ ದಿನಾನ ಜ್ವರಾ ಬಂತೇನು?"

ನಾನು ಅಪ್ಪನ ತೋಳು ಜಗ್ಗಿದೆ. "ಅಪ್ಪಾ, ಸುಮ್ನಿರು."

"ನೀ ಸುಮ್ನ ಕುಂದ್ರ. ಅವರ ಕೇಳಾಕತ್ತಾರ, ನಾ ಹೇಳಾಕತ್ತೇನಿ." ಅಷ್ಟೊತ್ತಿಗೆ ಅವರ ಮುಂದೆ ಫೈಲುಗಳ ಸಾಲೇ ನಿಂತಿತ್ತು.

ಆಗ ಟೀ ಶರ್ಟಿನವನು ಬೆವರು ಒರೆಸಿಕೊಳ್ಳುತ್ತ ಒಳಗೆ ಬಂದ.

"ಯಾಕ ತಮ್ಮಾ, ತಡಾ?" ಅಂದರು ಅಪ್ಪ.

"ಗೇಟಿನ್ಯಾಗ ನಿಂದ್ರಿಸಿದ್ರಿ..."

"ಬರೇ ನೆವಾ. ಹದಿನೇಳರ ಮಗ್ಗಿ ಬರತೈತೇನು?"

ಅವನಿಗೆ ಏನು ತೋಚಿತೋ, ಶಾಲೆಯ ಹುಡುಗನಂತೆ ಕೈಕಟ್ಟಿ ಶುರು ಮಾಡಿದ. ಹದಿನೇಳಾರಲೆ ನೂರಾ ಎರಡರವರೆಗೆ ನೆಟ್ಟಗೆ ಬಂದು ಹದಿನೇಳೇಳಲೆಗೆ ನಿಂತುಬಿಟ್ಟ. ಅಪ್ಪ ತಲೆ ಅಲ್ಲಾಡಿಸಿ, "ಹೋಗು, ಹಿಂದಿನ ಸಾಲಿನ್ಯಾಗ ಕುಂತು ನೆನಪ ಮಾಡ್ಕೊ" ಅಂದರು. ಅವನು ಹೋಗಿ ಹಿಂದಿನ ಸಾಲಿನಲ್ಲಿ ಕೂತ.

ಬಹಳ ಹೊತ್ತಿನ ಮೇಲೆ ಆಫೀಸಿನ ಸಿಪಾಯಿ ಬಂದು ಬಾಗಿಲಲ್ಲೇ ಗಾಬರಿಯಾದ. "ಸಾಹೇಬ್ರ! ಇಲ್ಯಾಕ ಕುಂತೀರಿ? ಒಳಗ ನಿಮ್ಮ ದಾರಿ ಕಾಯಾಕತ್ತಾರ!"

ಟೀ ಶರ್ಟಿನವರು ಎದ್ದು ನಿಂತರು. ಅವರೇ ಪುಣೆಯಿಂದ ಬಂದ ಹೊಸ ಮ್ಯಾನೇಜರು, ಮೂಲ ವಿಜಯಪುರದವರು. "ಮಾಸ್ತರು ಕುಂದ್ರ ಅಂದ್ರು" ಅಂದರು ಮೆಲ್ಲಗೆ. ಅಪ್ಪ ಕೈಯಲ್ಲಿದ್ದ ಫೈಲುಗಳನ್ನು ಒಂದೊಂದಾಗಿ ವಾಪಸು ಕೊಟ್ಟು, "ನಾ ಹೊರಗ ಗಿಡದ ನೆಳ್ಳಿಗೆ ಕುಂದ್ರತೇನಿ" ಅಂತ ಹೊರಟುಹೋದರು.

ನನ್ನ ಸರದಿ ಬಂತು. ಸಾಹೇಬರು ನನ್ನ ಫೈಲು ನೋಡಿ ಕೇಳಿದರು, "ಆ ಮಾಸ್ತರು..."

"ನಮ್ಮಪ್ಪ ರೀ ಸರ್." ಬಸ್ಸಿನ ಖರ್ಚೂ ವ್ಯರ್ಥ ಆಯಿತು ಅಂತ ಮನಸ್ಸಿನಲ್ಲಿ ಅಂದುಕೊಂಡೆ.

ಸಾಹೇಬರು ಕಿಟಕಿಯಾಚೆ ನೋಡಿದರು, ಗಂಟಲು ಸರಿಮಾಡಿಕೊಂಡರು. "ಹೊರಗ ಹೋದಾಗ ಅವ್ರಿಗೆ ಹೇಳ್ರಿ. ನೂರಾ ಹತ್ತೊಂಬತ್ತು ಅಂತ."

ಊಟ ಮರೆಯುವ ಮಂದಿ

ಜಮಖಂಡಿಯಲ್ಲಿ ಇಂಟರ್‌ವ್ಯೂ ಹೇಗೆ ಕೊಡಬೇಕು ಅಂತ ಕಲಿಸುವ ಒಂದು ಕ್ಲಾಸು ಇದೆ. ನಾವು ಬಂದವರೆಲ್ಲ ಒಂದಿಲ್ಲೊಂದು ಸಲ ಅಲ್ಲಿ ಕೂತು ಎದ್ದವರೇ. ಅಲ್ಲಿಯ ಸರ್ ಹೇಳಿಕೊಟ್ಟಿದ್ದರು: "ನಿಮ್ಮ ದೌರ್ಬಲ್ಯ ಏನು ಅಂತ ಕೇಳ್ತಾರ. ಖರೆ ದೌರ್ಬಲ್ಯ ಹೇಳಬ್ಯಾಡ್ರಿ. ಕೇಳಾಕ ದೌರ್ಬಲ್ಯ ಇರಬೇಕು, ಒಳಗ ಗುಣ ಇರಬೇಕು. ಕೆಲಸಕ್ಕ ಕುಂತ್ರ ನನಗ ಊಟದ ನೆನಪೂ ಆಗೂದಿಲ್ಲ ಅಂತ ಹೇಳ್ರಿ."

ನಾನು ಹಾಗೇ ಹೇಳಿದೆ. ಹೇಳುವಾಗ ನನ್ನ ಮೇಲೆ ನನಗೇ ಅಭಿಮಾನ ಬಂತು. ಸಾಹೇಬರು ಬರೆದುಕೊಂಡರು. ಹೊರಗೆ ಬಂದು ಕೇಳಿದರೆ ನನಗಿಂತ ಮೊದಲು ಹೋದ ಬೀಳಗಿಯವನೂ ಅದನ್ನೇ ಹೇಳಿದ್ದ. ನನ್ನ ನಂತರ ಹೋದ ತುಬಚಿಯ ಹುಡುಗಿಯೂ ಅದನ್ನೇ ಹೇಳಿದಳು. ಕೊನೆಗೆ ಹೋದವನು ರನ್ನ ಬೆಳಗಲಿಯ ಹುಡುಗ, ದಷ್ಟಪುಷ್ಟ ಆಳು. ಅವನಂತೂ ಒಂದು ಹೆಜ್ಜೆ ಮುಂದೆ ಹೋಗಿ, "ಎರಡೆರಡು ದಿನಾ ನೆನಪಾಗೂದಿಲ್ರಿ" ಅಂದಿದ್ದನಂತೆ.

ಅಷ್ಟೊತ್ತಿಗೆ ಮಧ್ಯಾಹ್ನ. ಕ್ಯಾಂಟೀನಿನಿಂದ ಬಿಸಿ ರೊಟ್ಟಿ, ಎಣ್ಣೆಗಾಯಿ ಪಲ್ಯದ ವಾಸನೆ ಬರತೊಡಗಿತು. ನಸುಕಿನಲ್ಲಿ ಮನೆ ಬಿಟ್ಟವರು ನಾವು. ಬೆಳಗಲಿಯವನ ಹೊಟ್ಟೆ ಗುರ್ ಅಂದದ್ದು ಮೂರು ಕುರ್ಚಿ ಆಚೆಗೂ ಕೇಳಿಸಿತು. ಕ್ಯಾಂಟೀನಿನವನು ಬಂದು ಸಾಹೇಬರನ್ನು ಕೇಳಿದ, "ಎಷ್ಟ ಮಂದಿಗೆ ಬಡಸೂದ್ರಿ?"

"ಒಬ್ಬರಿಗೆ" ಅಂದರು ಸಾಹೇಬರು. ಮುಖದಲ್ಲಿ ನಗುವಿನ ಸುಳಿವಿಲ್ಲ. "ನನಗಷ್ಟ. ಇವ್ರಿಗೆ ಯಾರಿಗೂ ಊಟದ ನೆನಪ ಆಗೂದಿಲ್ಲಂತ. ಎಲ್ಲಾರೂ ನನ್ನ ಮುಂದ ಕುಂತ ಹೇಳ್ಯಾರ."

ನಾವೆಲ್ಲ ನೆಲ ನೋಡಿದೆವು. ಬೆಳಗಲಿಯವನು ಮಾತ್ರ ತಡೆಯಲಾರದೆ ಎದ್ದು ನಿಂತ.

"ಸರ್, ಅದು ಕೆಲಸ ಶುರು ಆದ ಮ್ಯಾಲಿನ ಮಾತ್ರಿ. ನೀವಿನ್ನೂ ಕೆಲಸಾನ ಕೊಟ್ಟಿಲ್ಲಲ್ರಿ!"

ಚರ್ಚೆ

ಎಲ್ಲರಿಗೂ ಊಟ ಹಾಕಿಸಿದ ಮೇಲೆ ನಾಲ್ವರನ್ನು ಉಳಿಸಿಕೊಂಡು ಉಳಿದವರನ್ನು ಮನೆಗೆ ಕಳಿಸಿದರು. ನಾನು, ಬೀಳಗಿಯವನು, ಬೆಳಗಲಿಯವನು, ತುಬಚಿಯ ಹುಡುಗಿ. ನಮ್ಮನ್ನು ಒಂದು ದುಂಡು ಮೇಜಿನ ಸುತ್ತ ಕೂರಿಸಿ ಸಾಹೇಬರು ಹೇಳಿದರು: "ಇದು ಗ್ರೂಪ್ ಡಿಸ್ಕಶನ್. ಬೆಲ್ಲದ ಪುಡಿನ್ನ ಪ್ಲಾಸ್ಟಿಕ್ ಚೀಲದಾಗ ತುಂಬಬೇಕೋ, ಕಾಗದದ ಚೀಲದಾಗ ತುಂಬಬೇಕೋ? ನೀವು ಮಾತಾಡ್ರಿ. ನಾ ಬರೇ ಕೇಳ್ತೇನಿ."

ಮೊದಲು ಬಾಯಿ ಬಿಟ್ಟವರಿಗೆ ಹೆಚ್ಚು ಮಾರ್ಕ್ಸು ಅಂತ ಕ್ಲಾಸಿನ ಸರ್ ಹೇಳಿದ್ದರು. ಆದರೆ ಗುರುತು ಪರಿಚಯ ಇಲ್ಲದವರ ನಡುವೆ ತಾನೇ ಮುಂದಾಗಿ ಮಾತಾಡುವುದು ಹೇಗೆ?

"ನೀವು ಹೇಳ್ರಿ."

"ಏ ಇಲ್ರಿ, ನೀವು ಹೇಳ್ರಿ."

"ಹೆಣ್ಮಕ್ಕಳು ಮೊದಲ ಹೇಳ್ಲಿ."

"ಇಲ್ರಿ, ನೀವ ಹಿರ್ಯಾರಿದ್ದಂಗ ಕಾಣ್ತೀರಿ."

ಹೀಗೆ ಒಂದಷ್ಟು ಹೊತ್ತು ಹೋಯಿತು. ಕೊನೆಗೆ ಬೀಳಗಿಯವನು ತುಬಚಿಯ ಹುಡುಗಿಯನ್ನು ಕೇಳಿದ, "ತುಬಚ್ಯಾಗ ನೀವು ಯಾರ ಪೈಕಿರಿ?"

ಅವಳು ಹೇಳಿದಳು. "ಅಯ್ಯ, ನೀರಿನ ಟಾಕಿ ಹತ್ರದ ಮನೀನ? ನಮ್ಮ ಸಣ್ಣ ಅತ್ತೀನ್ನ ಅದ ಓಣಿಗೆ ಕೊಟ್ಟಾರಲ್ಲ!" ಅಂದ ಅವನು. ಆ ಅತ್ತೆ ತುಬಚಿಯವಳಿಗೆ ದಿನಾ ಮಾತಾಡಿಸುವ ಕಾಕು, ಅಂದರೆ ಚಿಕ್ಕಮ್ಮ. ಆ ಕಾಕುವಿನ ಗಂಡನ ಅಕ್ಕ ಬೆಳಗಲಿಯವನ ದೊಡ್ಡಮ್ಮ. ಬೆಳಗಲಿ ಅಂದಕೂಡಲೇ ನನಗೂ ನೆನಪಾಯಿತು, ನಮ್ಮ ಅವ್ವನ ಚಿಕ್ಕಪ್ಪನ ಮಗಳನ್ನು ಅಲ್ಲಿಗೇ ಕೊಟ್ಟಿದ್ದಾರೆ. ಅವಳ ಗಂಡನ ಹೆಸರು ಹೇಳಿದ್ದೇ ತಡ ಬೆಳಗಲಿಯವನು ಮೇಜು ಗುದ್ದಿ, "ನಮ್ಮ ಕಾಕಾ ಅಂವ!" ಅಂದ. ಆಮೇಲೆ ನಮಗೆ ಮಾತಿಗೆ ಬರವಿಲ್ಲ. ಯಾರ ಮೊಣಕಾಲು ನೋವು, ಯಾರ ಮನೆ ಕಟ್ಟುವುದು ಎಲ್ಲಿಗೆ ಬಂತು, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಬಂತು.

ಸಾಹೇಬರು ಮೇಜು ತಟ್ಟಿದರು. "ವೇಳ್ಯಾ ಆತು. ಪ್ಲಾಸ್ಟಿಕ್ಕೋ, ಕಾಗದೋ?"

ನಾವು ಮುಖ ಮುಖ ನೋಡಿಕೊಂಡೆವು. ತುಬಚಿಯವಳು ಸಮಾಧಾನದಿಂದ ಹೇಳಿದಳು, "ಮನಿ ಮಂದ್ಯಾಗ ಏನ ವಾದಾ ಮಾಡೂದ್ರಿ ಸರ್? ನೀವು ಯಾವುದು ಅಂತೀರಿ, ಅದ ಆಗ್ಲಿ."

ಸಾಹೇಬರು ಏನೋ ಬರೆಯತೊಡಗಿದರು. ಬೀಳಗಿಯವನು ಮುಂದೆ ಬಾಗಿ ಆದರದಿಂದ ಕೇಳಿದ, "ಸರ್, ವಿಜಯಪುರದಾಗ ನೀವು ಯಾರ ಪೈಕಿ ಆದ್ರಿ?"

ಸಾಹೇಬರು ಕಾಗದ ಬಾಚಿಕೊಂಡು ಎದ್ದೇಬಿಟ್ಟರು. ಒಮ್ಮೆ ಸಂಬಂಧ ಹತ್ತಿದರೆ ನಾಲ್ವರಲ್ಲಿ ಒಬ್ಬರನ್ನೂ ಬೇಡ ಅನ್ನಲು ಬರುವುದಿಲ್ಲ ಅನ್ನುವುದು ವಿಜಯಪುರದವರಿಗೂ ಗೊತ್ತಿರುತ್ತದೆ.

ಮಾಳಿಗೆಯ ಮೇಲೆ

ಆದರೂ ನಾಲ್ವರನ್ನೂ ದಾಟಿಸಿದರು. ಮುಂದಿನ ಸುತ್ತು ಪುಣೆಯ ಮೇಡಂ ಜೊತೆ, ಮನೆಯಿಂದಲೇ, ಫೋನಿನಲ್ಲಿ ಮುಖ ನೋಡಿ ಮಾತಾಡುವುದು. ನಮ್ಮ ಓಣಿಯಲ್ಲಿ ಮನೆಗೊಂದು ಪಾವರ್‌ಲೂಮು. ಖಟಕ್ ಖಟಕ್ ಸದ್ದಿನಲ್ಲಿ ನಾವೆಲ್ಲ ಹುಟ್ಟಿದಾಗಿನಿಂದ ಕೂಗಿಯೇ ಮಾತಾಡುವವರು. ನೆಟ್‌ವರ್ಕ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ. ಪಕ್ಕದ ಮನೆಯವರಿಗೆ ಕೈಮುಗಿದು ಅರ್ಧ ತಾಸು ಮಗ್ಗ ನಿಲ್ಲಿಸಲು ಒಪ್ಪಿಸಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಮಾಳಿಗೆ ಏರಿ ಕೂತೆ.

ಮೇಡಂ ಇಂಗ್ಲೀಷಿನಲ್ಲಿ ಕೇಳಿದರು, ಇನ್ನು ಐದು ವರ್ಷಕ್ಕೆ ನೀನು ಎಲ್ಲಿರುತ್ತೀ? ಉತ್ತರ ಬಾಯಿಪಾಠ ಆಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಒಣಗಿಸಿದ ಮೆಣಸಿನಕಾಯಿ ಮಗುಚಲು ಆಯಿ ಮೇಲೆ ಬಂದಳು. ಆಯಿ ಅಂದರೆ ಅಪ್ಪನ ಅವ್ವ. ನೇರ ಬಂದು ಫೋನಿನಲ್ಲಿ ಇಣುಕಿದಳು.

"ಯಾರಿಕಿ? ಏನಂತಾಳ?"

"ಆಯಿ, ಆ ಕಡೆ ಸರಿ. ಐದ ವರ್ಷದ ಮ್ಯಾಲೆ ನಾ ಎಲ್ಲಿರ್ತೇನಿ ಅಂತ ಕೇಳಾಕತ್ತಾರ."

"ಎಲ್ಲಿ ಅಂದ್ರ? ಇಲ್ಲೇ! ಬ್ಯಾಸಗ್ಯಾಗ ಮಾಳಗಿ ಮ್ಯಾಲೆ ಮಲಗತಾಳ, ಮಳಿಗಾಲದಾಗ ಕೆಳಗ ಮಲಗತಾಳ ಅಂತ ಹೇಳು."

ಮೇಡಂಗೆ ಕನ್ನಡ ತಿಳಿಯಲಿಲ್ಲ ಅಂತ ಕಂಡು ಆಯಿ ಅದನ್ನೇ ಮರಾಠಿಯಲ್ಲಿ ಹೇಳಿದಳು. ಆಯಿಯ ತವರು ಇಚಲಕರಂಜಿ. ಮರಾಠಿ ಕೇಳಿದ ಕೂಡಲೇ ಮೇಡಂ ಇಂಗ್ಲೀಷನ್ನು ಬದಿಗಿಟ್ಟರು. ಅವರ ತವರೂ ಇಚಲಕರಂಜಿಯಂತೆ! ನಾನು ಫೋನು ಹಿಡಿಯುವ ಗೂಟವಾದೆ. ಅಲ್ಲಿಯ ಸಂತೆ, ಅಲ್ಲಿಯ ಬಾವಿ, ಮೇಡಂ ಸೊರಗಿದ್ದು ಯಾಕೆ, ಸೊರಗಬಾರದು ಅಂದರೆ ಏನು ತಿನ್ನಬೇಕು. ಅಷ್ಟರಲ್ಲಿ ಪಕ್ಕದ ಮನೆಯ ಮಗ್ಗ ಮತ್ತೆ ಶುರುವಾಯಿತು, ಆಯಿ ಕೂಗಿ ಮಾತಾಡಿದಳು, ಮೇಡಂ ಪುಣೆಯಿಂದ ಕೂಗಿ ಮಾತಾಡಿದರು. ಕೊನೆಗೆ ನನ್ನ ಕಡೆ ನೋಡಿ, "ಥ್ಯಾಂಕ್ ಯೂ" ಅಂದು ಫೋನು ಇಟ್ಟರು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೂ ಉತ್ತರ ಕೊಟ್ಟದ್ದು ಆಯಿ.

ಆ ರಾತ್ರಿ ನಾನು ಊಟ ಮಾಡಲಿಲ್ಲ. ಮರುದಿನ ಈ ಸುತ್ತಿನಲ್ಲಿ ಪಾಸಾದೆ ಅಂತ ಸುದ್ದಿ ಬಂತು. ನಾನು ಖುಷಿಯಿಂದ ಓಣಿಗೆ ಓಡಿದರೆ, ಆಯಿ ಆಗಲೇ ಕಟ್ಟೆಯ ಮೇಲೆ ಕೂತು ಎಲ್ಲರಿಗೂ ಹೇಳುತ್ತಿದ್ದಳು: "ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ನಾ. ಪುಣೇದಾಕಿ ಪರೀಕ್ಷಾ ತಗೊಂಡ್ಳು, ಪಾಸಾದೆ!"

ಶುಗರ್

ಇದು ಸಣ್ಣದು. ಮೆಡಿಕಲ್ ತಪಾಸಣೆಗೆ ಜಮಖಂಡಿಯ ಒಬ್ಬ ಡಾಕ್ಟರ ಬಳಿ ಕಳಿಸಿದ್ದರು. ಬೆಳಗಲಿಯವನೂ ಬಂದಿದ್ದ. ಡಾಕ್ಟರು ತಲೆ ಎತ್ತದೆ ಕೇಳುತ್ತ ಬರೆಯುತ್ತಿದ್ದರು.

"ಮನಿತನದಾಗ ಯಾರಿಗರ ಶುಗರ್ ಐತೇನು?"

"ಐತ್ರಿ" ಅಂದ ಬೆಳಗಲಿಯವನು. "ನಮ್ಮ ಅಪ್ಪಗ ಐತಿ, ಇಬ್ಬರೂ ಕಾಕಾಗೋಳಿಗೆ ಐತಿ."

"ಎಷ್ಟ ಐತಿ?"

"ಕಬ್ಬ ಎಷ್ಟ ಹೋಗತೈತಿ ಅದರ ಮ್ಯಾಲ್ರಿ. ಈ ವರ್ಷ ಫ್ಯಾಕ್ಟರಿಯವ್ರು ತಲಿಗೊಂದ ಚೀಲಾ ಕೊಟ್ಟಾರ."

ವಿಚಾರಿಸಲು ಬಂದವನು

ಕೊನೆಯದು, ವಿಚಾರಣೆ. ನಾವು ಹೇಳಿದ ಊರು, ಮನೆ, ಹಳೆಯ ನೌಕರಿ ಖರೆಯೋ ಸುಳ್ಳೋ ಅಂತ ನೋಡಲು ಕಂಪನಿ ಒಬ್ಬನನ್ನು ಊರಿಗೆ ಕಳಿಸುತ್ತದೆ. ಇದು ನನಗೆ ಯಾರೂ ಹೇಳಿರಲಿಲ್ಲ. ಅವನು ಬಂದ ದಿನ ನಾನು ಸಂತೆಗೆ ಹೋಗಿದ್ದೆ.

ಬಂದವನು ಇಪ್ಪತ್ತಾರು ಇಪ್ಪತ್ತೇಳರ ಹುಡುಗ. ಇಸ್ತ್ರಿ ಅಂಗಿ, ಪಾಲಿಶ್ ಬೂಟು, ತಲೆ ನೀಟಾಗಿ ಬಾಚಿದೆ. ಓಣಿಯ ಬಾಯಲ್ಲೇ ಇರುವ ಪಕ್ಕದ ಮನೆ ಕಾಕುವನ್ನು ಕಂಡು ತಗ್ಗಿದ ದನಿಯಲ್ಲಿ ಕೇಳಿದ: "ಇಲ್ಲಿ ಮಾಸ್ತರ ಮಗಳು ಅಂತ ಒಬ್ಬರ ಅದಾರಲ್ರಿ, ಅವರು ಹೆಂಗ್ರಿ? ನಡತಿ ಹೆಂಗೈತ್ರಿ?"

ಹೇಳಿ, ನಮ್ಮ ಓಣಿಯಲ್ಲಿ ಈ ಪ್ರಶ್ನೆಗೆ ಎಷ್ಟು ಅರ್ಥ ಇರಲು ಸಾಧ್ಯ?

ಕಾಕುಗೆ ನನ್ನ ಮೇಲೆ ಹೆತ್ತ ತಾಯಿಗಿಂತ ಒಂದು ಕೈ ಹೆಚ್ಚು ಪ್ರೀತಿ. ಹುಡುಗ ಸ್ವತಃ ಗುಟ್ಟಾಗಿ ನೋಡಲು ಬಂದಿದ್ದಾನೆ ಅಂತ ಅವಳು ತಿಳಿದಳು. ಸೆರಗು ಸರಿಮಾಡಿಕೊಂಡು ಶುರು ಮಾಡಿದಳು. "ಬಂಗಾರದಂಥಾ ಹುಡುಗಿ ನೋಡ್ರಿ. ತಲಿ ಎತ್ತಿ ಮಾತಾಡಿದಾಕಿ ಅಲ್ಲ."

ಅವನು ಬರೆದುಕೊಂಡ. "ಮೊದಲ ಎಲ್ಲೆರ ಕೆಲಸ ಮಾಡ್ಯಾರೇನ್ರಿ?"

"ಕೆಲಸಾ? ಏ, ಎಲ್ಲೀದ್ರಿ! ಮನಿ ಹೊಸ್ತಲಾ ದಾಟಿದಾಕಿ ಅಲ್ಲ ಅಕಿ."

"ಜಮಖಂಡ್ಯಾಗ ಎರಡ ವರ್ಷ ಕೆಲಸ ಮಾಡೇನಿ ಅಂತ ಹೇಳ್ಯಾರಲ್ರಿ?"

"ಯಾರ ಹೇಳಿದ್ರೀ ನಿಮಗ? ಹೊಟ್ಟಿಕಿಚ್ಚಿನ ಮಂದಿ! ಜಮಖಂಡಿ ಯಾವ ದಿಕ್ಕಿಗೈತಿ ಅಂತನೂ ಅಕಿಗೆ ಗೊತ್ತಿಲ್ಲ."

"ಲೆಕ್ಕಪತ್ರ ಬರತಾವೇನ್ರಿ?"

"ಎದಕ್ಕ್ರಿ ಲೆಕ್ಕಾ? ಗಂಡಸೂರು ಏನ ತಂದ ಕೈಯಾಗ ಹಾಕ್ತಾರ ಅದರಾಗ ಸುಮ್ನ ಸಂಸಾರ ತೂಗಸೂ ಹುಡುಗಿ ಅದು. ಒಂದ ಮಾತ ತಿರುಗಿ ಕೇಳೂದಿಲ್ಲ."

ಬೆಂಕಿಪೆಟ್ಟಿಗೆ ತರಲು ಹೊರಟಿದ್ದ ಎದುರು ಮನೆಯ ಅಜ್ಜನೂ ಬಂದು ಸೇರಿಕೊಂಡ. "ನೌಕರಿ ಮಾಡೂ ಹುಡುಗಿ ಅಲ್ಲೇ ಅಲ್ರಿ ಅದು. ಅದನ್ನ ನಾ ಬರದ ಕೊಡ್ತೇನಿ ಬೇಕಾದ್ರ" ಅಂದ. ಹುಡುಗ ಅದನ್ನೂ ಬರೆದುಕೊಂಡ.

ಹಿಂದೆಯೇ ಕಾಕು ನಮ್ಮ ಮನೆಗೆ ಓಡಿ ಸುದ್ದಿ ಮುಟ್ಟಿಸಿದಳು. ನಾನು ಚೀಲದ ತುಂಬ ಬದನೆಕಾಯಿ ಹೊತ್ತು ಹಿತ್ತಲ ಬಾಗಿಲಿನಿಂದ ಬಂದರೆ ಅವ್ವ ಒಂದು ಮಾತೂ ಹೇಳದೆ ನನ್ನ ಮುಖ ತೊಳೆಸಿ, ಇಳಕಲ್ ಸೀರೆ ಸುತ್ತಿ, ಕೈಗೆ ಚಹಾದ ತಾಟು ಕೊಟ್ಟಳು. ಹೊರಗೆ ಬಂದು ನೋಡುತ್ತೇನೆ, ಅಪರಿಚಿತ ಹುಡುಗನೊಬ್ಬ ಚುರಮುರಿ ಸೂಸ್ಲಾ ತಿನ್ನುತ್ತ ಕೂತಿದ್ದಾನೆ. ಅಪ್ಪ ಎದುರಿಗೆ ಕೂತು ಅವನಿಗೆ ಅಣ್ಣತಮ್ಮಂದಿರು ಎಷ್ಟು, ಹೊಲ ಎಲ್ಲಿ, ಮನೆ ಸ್ವಂತದ್ದೋ ಬಾಡಿಗೆಯದ್ದೋ ಅಂತ ಕೇಳುತ್ತಿದ್ದಾರೆ. ಅವನೂ ಪಾಪ, ಈ ಊರಿನ ಮಂದಿ ಎಷ್ಟು ಒಳ್ಳೆಯವರು ಅಂತ ಎಲ್ಲದಕ್ಕೂ ಉತ್ತರ ಕೊಡುತ್ತಿದ್ದ.

ಚಹಾ ಕುಡಿದು ಅವನು ಒಂದು ಕಾಗದ ತೆಗೆದ. "ಮೇಡಂ, ಇಲ್ಲೊಂದು ಸಹಿ ಮಾಡ್ರಿ."

ಅಪ್ಪ ಗಾಬರಿಯಾದರು. "ಇವತ್ತ ಸಹಿ? ನಿಮ್ಮ ಹಿರಿಯಾರು ಬರಬ್ಯಾಡೇನು?"

"ಹಿರಿಯಾರು ಎದಕ್ಕ್ರಿ ಸರ್? ಇದಕ್ಕ ನಾನೊಬ್ಬನ ಬರ್ತೇನಿ. ನಿನ್ನೆ ಬೀಳಗ್ಯಾಗ ಒಂದ ಮುಗಿಸಿದೆ. ಇವತ್ತ ಇದು. ನಾಳೆ ತುಬಚ್ಯಾಗ ಒಬ್ಬಾಕಿ ಅದಾಳ."

ಅಪ್ಪ ಟೊಪ್ಪಿಗೆ ತೆಗೆದು ಎದ್ದು ನಿಂತರು. ಮಾಸ್ತರಿಕೆಯ ಕಾಲದ ಗುಡುಗು ಹೊರಬಿತ್ತು. "ದಿನಕ್ಕೊಂದ ಊರಾಗ ದಿನಕ್ಕೊಂದ ಹುಡುಗೀನ ನೋಡ್ತೀಯೇನಲೇ!"

ಅವನ ಕೈಯ ಕಾಗದದ ಮೇಲೆ ಕಂಪನಿಯ ಹೆಸರು ಮೊದಲು ಕಂಡದ್ದು ನನಗೆ. ನಾನು ನಡುವೆ ಬಂದು ಬಿಡಿಸಿ ಹೇಳುವಷ್ಟರಲ್ಲಿ ಅವನು ಬೂಟು ಕೈಯಲ್ಲಿ ಹಿಡಿದು ಅಂಗಳದಲ್ಲಿದ್ದ. ವಿಷಯ ತಿಳಿದ ಮೇಲೆ ಎಲ್ಲರಿಗೂ ನಗು, ನನಗೆ ಮಾತ್ರ ಅಳು. ಅವನ ಹಾಳೆ ನೋಡಿದರೆ ಏನಿದೆ? 'ಕೆಲಸ ಮಾಡಿದ ಅನುಭವ ಇಲ್ಲ. ಲೆಕ್ಕ ಬರುವುದಿಲ್ಲ. ನೌಕರಿ ಮಾಡುವ ಇಚ್ಛೆಯೂ ಇಲ್ಲ.' ಇಷ್ಟು ಸುತ್ತು ದಾಟಿ ಬಂದ ನೌಕರಿ ಕಾಕುವಿನ ಪ್ರೀತಿಯಲ್ಲಿ ಮುಳುಗಿತ್ತು. ನಾನು ಅಲ್ಲೇ ಕಂಬಕ್ಕೆ ಒರಗಿ ಕಣ್ಣು ಒರೆಸಿಕೊಂಡೆ.

ಹುಡುಗನ ಮನಸ್ಸು ಕರಗಿತು. "ಹಂಗಾರ ಇನ್ನೊಮ್ಮೆ ಕೇಳ್ತೇನ್ರಿ. ಈ ಸಲ ಖರೆ ಹೇಳಬೇಕು" ಅಂತ ಹೊಸ ಹಾಳೆ ತೆಗೆದ.

ಖರೆ ಹೇಳು ಅಂದಿದ್ದೇ ತಡ, ಕಾಕು ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಇಷ್ಟು ವರ್ಷ ಒಳಗೆ ಹಿಡಿದಿಟ್ಟದ್ದೆಲ್ಲ ಒಮ್ಮೆಗೆ ಹೊರಬಿತ್ತು.

"ಖರೆ ಕೇಳ್ತೀರೇನು? ಬರಕೊಳ್ರಿ. ಅಕಿ ಕಾಲು ಮನ್ಯಾಗ ನಿಂದ್ರೂದಿಲ್ಲ. ಜಮಖಂಡಿಗೆ ಹೊಂಟ್ಳಂದ್ರ ನಸುಕಿನ ಬಸ್ಸಿಗೆ ಹೊಂಟ್ಳು, ಕತ್ತಲಾದ ಮ್ಯಾಲೆ ಬಂದ್ಳು."

ಅವನು ಬರೆದ: 'ಸಮಯಕ್ಕೆ ಸರಿಯಾಗಿ ಕೆಲಸಕ್ಕೆ ಹೋಗುತ್ತಾರೆ, ಹೆಚ್ಚಿನ ವೇಳೆಯೂ ನಿಲ್ಲುತ್ತಾರೆ.'

"ರೊಟ್ಟಿ ಬಡಿಯಾಕ ಬರೂದಿಲ್ಲ. ಒಲಿ ಮುಂದ ಕುಂದ್ರಸಿದ್ರೂ ಕೈಯಾಗ ಲೆಕ್ಕದ ಪುಸ್ತಕಾನ."

'ಲೆಕ್ಕಪತ್ರದಲ್ಲಿ ಆಸಕ್ತಿ.'

"ಭಿಶಿ ಚೀಟಿ ಆಡೂ ಹೆಣ್ಮಕ್ಕಳಾಗ ಯಾರು ಎಷ್ಟ ಕೊಟ್ರು, ಯಾರು ಕೊಡ್ಲಿಲ್ಲ ಅಂತ ಮಂದಿ ಮುಂದನ ಹೇಳ್ತಾಳ. ಮುಲಾಜಿಲ್ಲ. ಹಿರಿಯಾರು, ಕಿರಿಯಾರು ನೋಡೂದಿಲ್ಲ. ನನ್ನ ಮಾನಾನೂ ಕಳದಾಳ!"

'ಬಹಳ ಪ್ರಾಮಾಣಿಕರು.'

"ಒಂದ ಹೇಳಿದ್ರ ಹತ್ತು ಪ್ರಶ್ನಿ ಕೇಳ್ತಾಳ. ಹೇಳಿದ ಮಾತ ಕೇಳೂದಿಲ್ಲ. ತಾ ಅಂದದ್ದ ಖರೆ."

'ಸ್ವತಂತ್ರವಾಗಿ ಯೋಚಿಸುತ್ತಾರೆ.'

ಹಾಳೆ ಹಿಂದೆ ಮುಂದೆ ತುಂಬಿತು. ಅವನು ಎದ್ದು ಕಾಕುಗೆ ಕೈಮುಗಿದು, "ಇಷ್ಟ ಛಲೋ ರಿಪೋರ್ಟು ನಾ ಯಾರದೂ ಬರದಿಲ್ರಿ" ಅಂತ ಹೇಳಿ ಹೋದ. ವಾರದೊಳಗೆ ಕೆಲಸಕ್ಕೆ ಬರಬೇಕು ಅಂತ ಪತ್ರ ಬಂತು. ತುಬಚಿಯ ಹುಡುಗಿಗೂ ಬಂತು. ಬೀಳಗಿಯವನನ್ನು ಮಾರಾಟ ವಿಭಾಗಕ್ಕೆ ತೆಗೆದುಕೊಂಡರು, ಬೆಳಗಲಿಯವನನ್ನು ಕಬ್ಬಿನ ರೈತರ ಬಳಿ ಓಡಾಡುವ ಕೆಲಸಕ್ಕೆ. ಈಗ ಓಣಿಯಲ್ಲಿ ನನ್ನನ್ನು ಯಾರೂ ಏನು ಮಾಡಾಕತ್ತೀ ಅಂತ ಕೇಳುವುದಿಲ್ಲ. ಕಂಪನಿಯೊಳಗ ಜಾಗಾ ಖಾಲಿ ಅದಾವೇನು ಅಂತ ಕೇಳುತ್ತಾರೆ.

ಮೊನ್ನೆ ಕಾಕು ಕೈಯಲ್ಲಿ ಬೆಲ್ಲದ ಉಂಡೆ ಹಿಡಿದು ಮನೆಗೆ ಬಂದಳು. ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ನನ್ನ ಪಕ್ಕಕ್ಕೆ ಸರಿದು ಕೂತಳು.

"ತಂಗಿ, ನಮ್ಮ ಹುಡುಗೀದು ನಿಮ್ಮ ಕಂಪನಿಗೆ ಅರ್ಜಿ ಹಾಕೇವಿ. ವಿಚಾರಸಾಕ ಬಂದ್ರ ನಿನ್ನ ಕಡೆ ಕಳಸ್ತೇನಿ."

"ಆಗ್ಲಿ ಕಾಕು. ಛಲೋ ಹುಡುಗಿ ಅಂತನ ಹೇಳ್ತೇನಿ."

ಕಾಕು ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಬ್ಯಾಡವಾ ನನ್ನವ್ವಾ, ಹಂಗ ಮಾಡಿ ಅಕಿ ಹೊಟ್ಟಿ ಮ್ಯಾಲೆ ಹೊಡಿಬ್ಯಾಡ! ನಾ ನಿನ್ನ ಬಗ್ಗೆ ಏನರ ಮುಚ್ಚಿಟ್ಟ ಮಾತಾಡಿದ್ನೇನು? ನೀನೂ ಹಂಗ, ನನ್ನ ಮಗಳ ಬಗ್ಗೆ ಮನಸ್ ಬಿಚ್ಚಿ ಕೆಟ್ಟ ಹೇಳು."